ಐಸಿಂಗ್ ಜಾಲದಲ್ಲಿ ಹನಿಯೇ ಹುಟ್ಟುತ್ತಿಲ್ಲ: ಕೋಡ್ ತಪ್ಪೋ, ಇನ್ನೂ ಕಾಯಬೇಕೋ?

ಜೋನಿಬೆಲ್ಲ_ಶಿರಸಿ:
64×64 ಐಸಿಂಗ್ ಜಾಲ (ಮನೆಗೊಂದರಂತೆ ಮೇಲೆ ಅಥವಾ ಕೆಳಗೆ ಮುಖ ಮಾಡುವ ಸ್ಪಿನ್, ಅಂದರೆ ಪುಟ್ಟ ಕಾಂತ), ಗ್ಲಾಬರ್ ನಿಯಮ (ತಾಪಕ್ಕೆ ತಕ್ಕ ಸಂಭವದಲ್ಲಿ ಒಂದೊಂದೇ ಸ್ಪಿನ್ ತಿರುಗಿಸುವುದು), ನೆರೆಗಳ ನಡುವಿನ ಬಲ ಜೆ = 1, ತಾಪ 1.5. ಶುರುವಿಗೆ ಎಲ್ಲ ಸ್ಪಿನ್ ಕೆಳಮುಖ, ಕ್ಷೇತ್ರ 0.1 ಮೇಲ್ಮುಖ. 10 ಲಕ್ಷ ಸ್ವೀಪ್ (ಒಂದು ಸ್ವೀಪ್ ಅಂದರೆ ಸ್ಪಿನ್‌ಗೊಂದು ಸರದಿ) ಓಡಿಸಿದರೂ ಕಾಂತತೆ, ಅಂದರೆ ಸ್ಪಿನ್‌ಗಳ ಸರಾಸರಿ, −0.98 ಬಿಟ್ಟು ಕದಲುತ್ತಿಲ್ಲ; ಮೇಲ್ಮುಖ ಸ್ಪಿನ್‌ಗಳ ಹನಿ ಹುಟ್ಟಿ ಬೆಳೆಯುತ್ತಲೇ ಇಲ್ಲ. ಈ ಮಳೆಗಾಲದ ಕರೆಂಟಿನಲ್ಲಿ ಇನ್ನೆಷ್ಟು ಓಡಿಸುವುದು?

ಅಘನಾಶಿನಿ:
ಇಷ್ಟರಲ್ಲೇ ಕಾಂತತೆ ತಿರುಗಿದ್ದರೇ ಕೋಡನ್ನು ಅನುಮಾನಿಸಬೇಕಿತ್ತು, ಮಾರಾಯ್ರೆ. ಅಂಚಿನ ಸ್ಪಿನ್‌ಗೆ ನಾಲ್ಕನೇ ನೆರೆ ಸಿಗದಿದ್ದರೆ ಮೂಲೆಯಲ್ಲಿ ಹನಿ ಅಗ್ಗಕ್ಕೆ ಹುಟ್ಟುತ್ತದೆ. ಕೊಡದ ಗೋಡೆಗೆ ಹಳೆಯ ಹರಳು ಅಂಟಿದ್ದರೆ ಜೋನಿ ಬೆಲ್ಲ ಅಲ್ಲಿಂದಲೇ ಸಕ್ಕರೆಗಟ್ಟುವ ಹಾಗೆ.

ಲೆಕ್ಕ ನೋಡಿ. ಒನ್ಸಾಗರ್ ಸೂತ್ರದಿಂದ ಗಡಿಯ ಕರ್ಷಣ ಸಿಗ್ಮಾ = 2 + 1.5 × ಲಾಗ್ ಟ್ಯಾನ್‌ಎಚ್(1/1.5) = 1.19. ಸಹಜ ಕಾಂತತೆ 0.987. ಸಂಧಿ ತ್ರಿಜ್ಯ (ಇದನ್ನು ದಾಟಿದ ಹನಿ ಕುಗ್ಗದೆ ಬೆಳೆಯುತ್ತದೆ) ಸಿಗ್ಮಾ ÷ (2 × ಕ್ಷೇತ್ರ × ಕಾಂತತೆ), ಅಂದರೆ 6; ಸುಮಾರು 113 ಸ್ಪಿನ್. ಅಲ್ಲಿಗೆ ಮುಟ್ಟಲು ಏರಬೇಕಾದ ಶಕ್ತಿಯ ತಡೆ 22.5, ಅಂದರೆ 15 ಕೆಟಿ (ಕೆಟಿ ಎಂದರೆ ತಾಪದ ಶಕ್ತಿ, ಇಲ್ಲಿ 1.5). ಹನಿಯ ಅಂಚಿನ ಏರಿಳಿತಕ್ಕೆ ಲ್ಯಾಂಗರ್ ತಿದ್ದುಪಡಿ (5/4 ಕೆಟಿ × ಲಾಗ್ ಸ್ಪಿನ್ ಸಂಖ್ಯೆ) ಹಾಕಿದರೆ ಇನ್ನೂ 6 ಕೆಟಿ ಏರುತ್ತದೆ. ಇದನ್ನು ಬಿಟ್ಟೇ ಎಲ್ಲರೂ ಎಡವುವುದು. ಕ್ಷೇತ್ರ 0.05ಕ್ಕೆ ಇಳಿಸಿದರೆ ಮೂಲ ತಡೆಯೇ 30 ಕೆಟಿ. ಆ ಗೋಜಿಗೆ ಹೋಗಬೇಡಿ.

ಕಾಳಿ_ಸೇತುವೆ:
ಕಾಯುವುದು ಬಿಟ್ಟು ಫಾರ್ವರ್ಡ್ ಫ್ಲಕ್ಸ್ ಸ್ಯಾಂಪ್ಲಿಂಗ್ ಹಿಡಿಯಿರಿ: ಹಾದಿಯನ್ನು ಗೆರೆಗಳಾಗಿ ಹಂಚಿ, ಒಂದು ಗೆರೆ ಮುಟ್ಟಿದ ಸ್ಥಿತಿಗಳಿಂದ ಮುಂದಿನ ಗೆರೆಗೆ ಹಲವು ಯತ್ನ ಓಡಿಸುವುದು. ಅಳತೆಗೆ ಮೇಲ್ಮುಖ ಸ್ಪಿನ್‌ಗಳ ಅತಿ ದೊಡ್ಡ ಗುಂಪಿನ ಸ್ಪಿನ್ ಸಂಖ್ಯೆ. ಮೊದಲ ಗೆರೆ ಕೆಲವು ನೂರು ಸ್ವೀಪಿಗೊಮ್ಮೆ ದಾಟುವಷ್ಟು ಹತ್ತಿರವಿರಲಿ, ಕೊನೆಯದು 113 ದಾಟಿ ಬಹಳ ಮುಂದೆ, 400ರ ಹತ್ತಿರ. ನಡುವಿನ ಒಂದೊಂದು ಗೆರೆ ದಾಟುವ ಸಂಭವ 0.1ರಿಂದ 0.5 ಇರುವಂತೆ ಹಂಚಿ. ಮೊದಲ ಗೆರೆಯ ಎಣಿಕೆಯಲ್ಲಿ ಜಾಗ್ರತೆ: ಗುಂಪು ಪೂರ್ತಿ ಕುಗ್ಗಿ ಮತ್ತೆ ಬಂದರೆ ಮಾತ್ರ ಹೊಸ ದಾಟು. ಗೆರೆಯ ಮೇಲಿನ ನಡುಕವನ್ನೆಲ್ಲ ಎಣಿಸಿದರೆ ದರ ಉಬ್ಬುತ್ತದೆ.

ಕರೆಂಟ್ ಹೋದಾಗ ಮುಂದುವರಿಸಲು ಸ್ಪಿನ್‌ಗಳ ಜೊತೆ ರ್‍ಯಾಂಡಮ್ ಜನರೇಟರಿನ ಸ್ಥಿತಿಯನ್ನೂ ಉಳಿಸಿ. ಆದರೆ ಗೆರೆಯಿಂದ ಹೊಸ ಯತ್ನ ಹೊರಡಿಸುವಾಗ ಅದೇ ಸ್ಥಿತಿ ತುಂಬಿದರೆ ನೂರು ಯತ್ನವೂ ಒಂದೇ ಹಾದಿ ಹಿಡಿಯುತ್ತವೆ. ಅಲ್ಲಿ ಬೀಜ (ಜನರೇಟರ್ ಶುರುಮಾಡುವ ಸಂಖ್ಯೆ) ಬದಲಾಗಲೇಬೇಕು.

ಜೋನಿಬೆಲ್ಲ_ಶಿರಸಿ:
ಮುಂದೆ ಜಾಲಕ್ಕೆ ಶಿಯರ್ ಹಾಕುವ (ಸಾಲುಗಳನ್ನು ಒಂದರ ಮೇಲೊಂದು ಜಾರಿಸುವ) ಯೋಚನೆಯಿದೆ. ಅಂಬ್ರೆಲಾ ಸ್ಯಾಂಪ್ಲಿಂಗ್ (ಕೃತಕ ತೂಕ ಹಾಕಿ ತಡೆಯ ಎತ್ತರ ಅಳೆಯುವ ವಿಧಾನ) ಆಗುತ್ತದೆಯೇ?

ಅಘನಾಶಿನಿ:
ಆಗದು. ಶಿಯರ್ ಹಾಕಿದ ಕೂಡಲೇ ವಿವರ ಸಮತೋಲ (ಪ್ರತಿ ಬದಲಾವಣೆಯೂ ಹಿಮ್ಮುಖವಾಗಿ ಅಷ್ಟೇ ಸಲ ನಡೆಯುವುದು) ಮುರಿಯುತ್ತದೆ, ಶಕ್ತಿಯಿಂದ ಸಂಭವ ಹೇಳುವ ಬೋಲ್ಟ್ಸ್‌ಮನ್ ತೂಕ ಇಲ್ಲ, 'ತಡೆ' ಎಂಬ ಮಾತಿಗೇ ನೆಲೆಯಿಲ್ಲ. ಮೇಲಿನ ಗೆರೆ ವಿಧಾನಕ್ಕೆ ಅದ್ಯಾವುದೂ ಬೇಡ. ಒಂದು ಕುತೂಹಲ: ಎರಡು ಆಯಾಮದ ಐಸಿಂಗ್‌ನಲ್ಲಿ ಶಿಯರ್ ಏರಿಸುತ್ತ ಹೋದರೆ ಹನಿ ಹುಟ್ಟುವ ದರ ಮೊದಲು ಏರಿ ಆಮೇಲೆ ಇಳಿಯುತ್ತದೆ. ಅಲ್ಪ ಶಿಯರ್ ಗುಂಪುಗಳನ್ನು ಒಂದಕ್ಕೊಂದು ಕೂಡಿಸುತ್ತದೆ, ಜಾಸ್ತಿಯಾದರೆ ಅವನ್ನು ಹರಿದು ಚೂರು ಮಾಡುತ್ತದೆ. ಆ ಶಿಖರ ಕಾಣಲು ಏಳೆಂಟು ಶಿಯರ್ ಬೆಲೆಗಳಾದರೂ ಬೇಕು.