ಅಪ್‌ಡೇಟ್: ಹೊಟ್ಟೆನೋವಿದ್ದ ಕಾಕಾಗೆ ಏದುಸಿರು ಯಾಕೆ ಬಂತು

ಹೋದ ವಾರ ಕೇಳಿದ್ದೆ: ಗದಗಿನ ನಮ್ಮ ಕಾಕಾಗೆ ಮೇದೋಜೀರಕ ಗ್ರಂಥಿಯ ಉರಿಯೂತ, ಅಂದ್ರೆ ಪ್ಯಾಂಕ್ರಿಯಾಟೈಟಿಸ್. ನೋವು ಹೊಟ್ಟೆಯಲ್ಲಿ, ಮೂರನೇ ದಿನ ಏದುಸಿರು ಯಾಕೆ ಅಂತ. ನ್ಯುಮೋನಿಯಾನೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿದ್ದೆ. ಅಲ್ಲವಂತೆ.

ಹುಬ್ಬಳ್ಳಿಗೆ ಕರೆದುಕೊಂಡು ಬಂದೆವು. ಐಸಿಯು ಡಾಕ್ಟರ್ ಲ್ಯಾಬ್ ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು. ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಅಡ್ಡ ಕೂತಿದೆ. ಊಟ ಅರಗಿಸಬೇಕಾದ ರಸ ಗ್ರಂಥಿಯನ್ನೇ ಅರಗಿಸೋಕೆ ಶುರು ಮಾಡಿದೆ. ಆ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಶ್ವಾಸಕೋಶ ಮುಟ್ಟುತ್ತವೆ. ಅಲ್ಲಿನ ಕೂದಲೆಳೆಯಂಥ ರಕ್ತನಾಳಗಳು ಸೋರುತ್ತವೆ, ಗಾಳಿ ಚೀಲಗಳಲ್ಲಿ ನೀರು ತುಂಬುತ್ತದೆ. ಇದಕ್ಕೆ ಎಆರ್‌ಡಿಎಸ್ ಅಂತಾರೆ. ಶ್ವಾಸಕೋಶದಲ್ಲಿ ಸೋಂಕೇ ಇಲ್ಲದೆಯೂ ಹೀಗಾಗುತ್ತದೆ ಅನ್ನೋದು ನನಗಂತೂ ಹೊಸದು.

ರಕ್ತದಲ್ಲಿನ ಆಕ್ಸಿಜನ್ ಅಳೆಯೋ ಬೆರಳಿನ ಕ್ಲಿಪ್‌ನಲ್ಲಿ ಶೇ. 84 ತೋರಿಸುತ್ತಿತ್ತು. ಒತ್ತಡದಿಂದ ಗಾಳಿ ಒಳಗೆ ತಳ್ಳೋ ಬೈಪ್ಯಾಪ್ ಮಾಸ್ಕ್ ಹಾಕಿದ ಮೇಲೆ ನಿಧಾನಕ್ಕೆ 93ಕ್ಕೆ ಬಂತು. ವೆಂಟಿಲೇಟರ್ ತಪ್ಪಿತು, ಪುಣ್ಯ. ಇವತ್ತು ಮಾಸ್ಕ್ ತೆಗೆದಿದ್ದಾರೆ. ಕಾಕಾನ ಮೊದಲ ಮಾತು, "ರೊಟ್ಟಿ ಯಾವಾಗ ಕೊಡ್ತಾರಪಾ?" ಸದ್ಯಕ್ಕೆ ತೆಳ್ಳಗಿನ ಗಂಜಿ ಅಷ್ಟೇ. ಉರಿಯೂತ ಪೂರ್ತಿ ಇಳಿದ ಮೇಲೆ ಪಿತ್ತಕೋಶ ತೆಗೆಯೋ ಆಪರೇಶನ್ ಇದೆ.