ಎಫ್/22 ಇಟ್ಟರೂ ಕುಂತಿಬೆಟ್ಟ ಮಸುಕಾಗಿ ಬರುತ್ತಿದೆ, ಲೆನ್ಸ್ ಬದಲಿಸಬೇಕೇ?

ಪ್ರಶ್ನೆ (ಮಂಡ್ಯ):
ಪಾಂಡವಪುರದ ಕುಂತಿಬೆಟ್ಟವನ್ನು ಬುಡದ ಗದ್ದೆ ಬಯಲಿನಿಂದ ತೆಗೆಯಲು ಮೂರು ಭಾನುವಾರ ಹೋಗಿ ಬಂದೆ. ಈಗಷ್ಟೇ ನಾಟಿ ಮುಗಿದಿದೆ. ನಿಂತ ನೀರಿನಲ್ಲಿ ಬೆಳಗಿನ ಆಕಾಶ ಕಾಣುತ್ತದೆ. ಪೈರು ಎದ್ದರೆ ಆ ನೀರು ಮರೆಯಾಗಿಬಿಡುತ್ತದೆ, ಹಾಗಾಗಿ ಆತುರ. ಆದರೆ ಒಂದು ಚಿತ್ರವೂ ಸ್ಪಷ್ಟವಾಗಿಲ್ಲ. ಮುಂದಿನ ಪೈರು, ಹಿಂದಿನ ಬಂಡೆ ಎರಡೂ ಚೆನ್ನಾಗಿ ಬರಲೆಂದೇ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ತೀರಾ ಕಿರಿದು ಮಾಡಿ ಎಫ್/22 ಇಟ್ಟಿದ್ದೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, 18 ಮಿ.ಮೀ., ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಷಟರ್ ಅರ್ಧ ಸೆಕೆಂಡು. ಟ್ರೈಪಾಡ್ ಇತ್ತು, ಫೋಕಸ್ ಬೆಟ್ಟದ ಮೇಲಿತ್ತು. ಇನ್ನೂ ಅಗಲದ ನೋಟ ಹಿಡಿಯುವ 10-18 ಲೆನ್ಸಿಗೆ ಹಣ ಕೂಡಿಸುತ್ತಿದ್ದೇನೆ.

ಉತ್ತರ (ಮೈಸೂರು):
ಹಣ ಹಾಗೆಯೇ ಇರಲಿ ಸರ್, ಲೆನ್ಸಿನದು ತಪ್ಪಲ್ಲ. ಅಪರ್ಚರ್ ತೀರಾ ಕಿರಿದಾದರೆ ಬೆಳಕು ಅದರ ಅಂಚಿನಲ್ಲಿ ಬಾಗಿ ಹರಡುತ್ತದೆ. ಭೌತವಿಜ್ಞಾನದಲ್ಲಿ ವಿವರ್ತನೆ ಎಂದು ಓದಿದ್ದೇವಲ್ಲ, ಅದೇ. ಎಫ್/22ರಲ್ಲಿ ಬೆಳಕಿನ ಒಂದು ಬಿಂದು ಸೆನ್ಸರ್ (ಚಿತ್ರ ಹಿಡಿಯುವ ಫಲಕ) ಮೇಲೆ ಸುಮಾರು 29 ಮೈಕ್ರೋಮೀಟರ್ ಅಗಲದ ಬೊಟ್ಟಾಗುತ್ತದೆ. ನಿಮ್ಮ ಕ್ಯಾಮೆರಾದ ಪಿಕ್ಸೆಲ್ 4 ಮೈಕ್ರೋಮೀಟರ್ ಆಸುಪಾಸು. ಬಂಡೆಯ ಬಿರುಕುಗಳು ಅಳಿಸಿಹೋಗುವುದು ಅಲ್ಲಿಯೇ. ಎಫ್/8ರಲ್ಲಿ ಆ ಬೊಟ್ಟು 11ಕ್ಕೆ ಇಳಿಯುತ್ತದೆ.

ಎಫ್/11 ಇಟ್ಟು, ಬೆಟ್ಟವನ್ನು ಬಿಟ್ಟು ಎರಡು ಮೀಟರ್ ದೂರದ ಪೈರಿಗೆ ಫೋಕಸ್ ಮಾಡಿ, ಅದು ಮತ್ತೆ ಕದಲದಂತೆ ಫೋಕಸನ್ನು ಮ್ಯಾನುವಲ್‌ಗೆ ಬದಲಿಸಿಬಿಡಿ. 18 ಮಿ.ಮೀ.ನಲ್ಲಿ ಸುಮಾರು ಒಂದು ಮೀಟರ್‌ನಿಂದ ಹಿಡಿದು ದಿಗಂತದವರೆಗೂ ಸ್ಪಷ್ಟವಾಗಿರುತ್ತದೆ. 10-18 ಕೊಂಡರೆ ಗದ್ದೆ ಹಿಗ್ಗಿ ಬೆಟ್ಟ ಗುಡ್ಡೆಯಷ್ಟಾಗುತ್ತದೆ. ಕುಂತಿಬೆಟ್ಟದ ಗಾಂಭೀರ್ಯ ಬೇಕಿದ್ದರೆ ಹಿಂದೆ ಸರಿದು, ಇದೇ ಲೆನ್ಸನ್ನು 55ಕ್ಕೆ ತಿರುಗಿಸಿ ನೋಡಿ.

ಪ್ರಶ್ನೆ ಕೇಳಿದವರು:
ಇಂದು ಹೋಗಿದ್ದೆ. ಬಂಡೆಯ ಬಿರುಕುಗಳು ಮೊದಲ ಬಾರಿಗೆ ಕಂಡವು, ತುಂಬಾ ಸಂತೋಷವಾಯಿತು. ಆದರೆ 1/8 ಸೆಕೆಂಡಿನ ಕೆಲವು ಚಿತ್ರಗಳಲ್ಲಿ ಬೆಟ್ಟದ ಅಂಚು ಮೇಲೊಂದು ಕೆಳಗೊಂದು ಎಂಬಂತೆ ಜೋಡಿಯಾಗಿದೆ. ಪೈರಿನ ತುದಿಯೂ ಕದಡಿದೆ.

ಉತ್ತರ (ಶ್ರೀರಂಗಪಟ್ಟಣ):
ಟ್ರೈಪಾಡನ್ನು ಎಲ್ಲಿ ಊರಿದ್ದಿರಿ?

ಪ್ರಶ್ನೆ ಕೇಳಿದವರು:
ಗದ್ದೆಯ ಬದುವಿನ ಮೇಲೆ.

ಉತ್ತರ (ಶ್ರೀರಂಗಪಟ್ಟಣ):
ಹಸಿ ಬದುವಿನಲ್ಲಿ ಕಾಲುಗಳು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹೂತುಕೊಳ್ಳುತ್ತಿರುತ್ತವೆ. ನಾನೂ ಒಂದು ಮುಂಗಾರು ಪೂರ್ತಿ ಹೀಗೆಯೇ ಕಳೆದುಕೊಂಡೆ. ಮೂರು ಕಾಲಿನಡಿಯೂ ಚಪ್ಪಟೆ ಕಲ್ಲಿಟ್ಟು, ಗಟ್ಟಿಯಾಗಿ ಒತ್ತಿ, ಎರಡು ನಿಮಿಷ ಬಿಡಿ. ನಡುವಿನ ಕಂಬವನ್ನು ಎತ್ತಬೇಡಿ. ಲೆನ್ಸಿನ ಮೇಲಿನ ಸ್ಟೆಬಿಲೈಸರ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಗುಂಡಿಯನ್ನು ಆರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಅಷ್ಟು ಹೊತ್ತು ನೀವೂ ಕದಲಬೇಡಿ. ಮೆದು ಬದುವಿನಲ್ಲಿ ಹೆಜ್ಜೆ ಬದಲಿಸಿದರೂ ಕ್ಯಾಮೆರಾ ಅಲುಗುತ್ತದೆ. ಪೈರು ಕದಡುವುದು ಗಾಳಿಯಿಂದ. ಐಎಸ್‌ಒ 400 ಮಾಡಿದರೆ ಷಟರ್ 1/30ಕ್ಕೆ ಬರುತ್ತದೆ, ನಸುಕಿನ ತಂಗಾಳಿಗೆ ಅಷ್ಟು ಸಾಕು.

ಇನ್ನೊಂದು ಮಾತು. ಬದು ಕುಸಿದರೆ ಗದ್ದೆಯ ನೀರು ಸೋರಿಹೋಗುತ್ತದೆ. ಗದ್ದೆಯವರನ್ನು ಕೇಳಿಯೇ ನಿಲ್ಲಿ. ಗಟ್ಟಿ ನೆಲ ಎಲ್ಲಿದೆ ಎಂದು ಅವರೇ ತೋರಿಸುತ್ತಾರೆ.

ಪ್ರಶ್ನೆ ಕೇಳಿದವರು:
ಗದ್ದೆಯವರು ಪಂಪ್‌ಸೆಟ್ ಮನೆಯ ಪಕ್ಕದ ಕಲ್ಲುಚಪ್ಪಡಿಯನ್ನು ತೋರಿಸಿದರು. ಎಫ್/11, 1/30, ಐಎಸ್‌ಒ 400. ಪೈರಿನ ತುದಿಯಿಂದ ಬೆಟ್ಟದ ನೆತ್ತಿಯವರೆಗೂ ಸ್ಪಷ್ಟವಾಗಿದೆ. 55ರಲ್ಲಿ ತೆಗೆದದ್ದು ಇನ್ನೂ ಚೆನ್ನಾಗಿದೆ. ಅದರ ಒಂದು ಪ್ರತಿಯನ್ನು ಮುದ್ರಿಸಿ ಅವರ ಮನೆಗೆ ಕೊಟ್ಟು ಬಂದೆ.