ಶಾಲೆ ತಿಂಗಳುಗಟ್ಟಲೆ ಮುಚ್ಚಬೇಕಾಗಿ ಬಂದರೆ? ನಡೆಸಿದವರು ಹೇಳಿ

ಕೇಳಿದವರು: ನಮ್ಮದು ಚಿಕ್ಕ ಖಾಸಗಿ ಶಾಲೆ. ಮತ್ತೊಂದು ಸಾಂಕ್ರಾಮಿಕ ಬಂದು ದೀರ್ಘಕಾಲ ಬಾಗಿಲು ಹಾಕಬೇಕಾದರೆ ಏನು ಮಾಡುವುದು ಎಂದು ಬರೆದಿಡುವ ಕೆಲಸವನ್ನು ಆಡಳಿತ ಮಂಡಳಿ ನನಗೆ ವಹಿಸಿದೆ. 2020ರಲ್ಲಿ ನಾನು ಈ ಹುದ್ದೆಯಲ್ಲಿರಲಿಲ್ಲ. ಆಗ ನಿಮಗೆ ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು?

ಆಗ ಮುಖ್ಯೋಪಾಧ್ಯಾಯಿನಿಯಾಗಿದ್ದವರು: ಎಷ್ಟು ದಿನ ಎಂದು ಊಹಿಸಲು ಹೋಗಬೇಡಿ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಾಗತಿಕ ಸಾಂಕ್ರಾಮಿಕ ಎಂದು ಘೋಷಿಸಿತಲ್ಲ, ಅದಾದ ಮೇಲೆ ನಾವು ಪೋಷಕರಿಗೆ ಬರೆದ ಮೊದಲ ಪತ್ರದಲ್ಲಿ ‘ಎರಡು ವಾರ’ ಎಂದಿತ್ತು. ಮುಂದಿನದರಲ್ಲಿ ಇನ್ನೆರಡು ವಾರ. ಐದನೆಯ ಪತ್ರದ ಹೊತ್ತಿಗೆ ನಮ್ಮ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಈಗಾದರೆ ಶಾಲೆ ತೆರೆಯುವ ದಿನವನ್ನು ಬರೆಯುವುದೇ ಇಲ್ಲ, ಮುಂದಿನ ಪತ್ರ ಯಾವ ದಿನ ಬರುತ್ತದೆ ಎಂದಷ್ಟೇ ಬರೆಯುತ್ತೇನೆ. ಹೊಸ ಸುದ್ದಿ ಇಲ್ಲದಿದ್ದರೂ ಆ ದಿನ ಪತ್ರ ಹೋಗಲೇಬೇಕು.

ಇನ್ನೊಂದು ತಪ್ಪು ನನ್ನದೇ. ಎಂಟು ಪೀರಿಯಡ್‌ಗಳ ವೇಳಾಪಟ್ಟಿಯನ್ನು ಹಾಗೆಯೇ ಎತ್ತಿ ಪರದೆಯ ಮೇಲೆ ಇಟ್ಟೆ. ಏಳನೆಯ ತರಗತಿಯ ಒಬ್ಬ ಹುಡುಗಿ ಬೆಳಗಿನ ಪಾಠಗಳಿಗೆ ಬರುತ್ತಲೇ ಇರಲಿಲ್ಲ. ಮೂರು ವಾರ ಗೈರುಹಾಜರಿ ಹಾಕಿದ ಮೇಲೆ ಮನೆಗೆ ಫೋನ್ ಮಾಡಿದೆ. ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲ್. ಅದು ತಾಯಿಯ ಜೊತೆ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಮರಳುತ್ತಿತ್ತು. ಶಾಲೆ ಮುಚ್ಚಿದ ಮೊದಲ ದಿನ ನಾವು ಕಳಿಸಿದ್ದ ಪ್ರಶ್ನಾವಳಿಯಲ್ಲಿ ‘ಮನೆಯಲ್ಲಿ ಮೊಬೈಲ್ ಇದೆಯೇ’ ಎಂದಿತ್ತು, ಅವರು ‘ಇದೆ’ ಎಂದು ಬರೆದಿದ್ದರು. ನಾವು ಕೇಳಬೇಕಾಗಿದ್ದದ್ದು ಅದು ಮಗುವಿನ ಕೈಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು. ಆ ಮೇಲೆ ದಿನಕ್ಕೆ ಎರಡೇ ನೇರ ಪಾಠ ಇಟ್ಟುಕೊಂಡೆವು. ಉಳಿದವನ್ನು ಧ್ವನಿಮುದ್ರಿಸಿ ಕಳಿಸಿದೆವು, ಹಾಜರಿಯನ್ನು ಮಕ್ಕಳು ಮಾಡಿ ಕಳಿಸಿದ ಕೆಲಸ ನೋಡಿ ಹಾಕಿದೆವು. ಯಾವ ಪಾಠ ಬಿಡಬಹುದು ಎಂಬ ಪಟ್ಟಿಯನ್ನು ಶಿಕ್ಷಕರಿಂದ ಈಗಲೇ ಮಾಡಿಸಿಡಿ. ಗಡಿಬಿಡಿಯಲ್ಲಿ ಯಾರಿಗೂ ತಮ್ಮ ವಿಷಯದ ಒಂದು ಪುಟ ಬಿಡಲೂ ಮನಸ್ಸು ಬರುವುದಿಲ್ಲ.

ಒಂದನೆಯ ತರಗತಿಯ ಶಿಕ್ಷಕಿ: ಧ್ವನಿಮುದ್ರಿಸಿದ ಪಾಠ ದೊಡ್ಡ ಮಕ್ಕಳಿಗೆ ಸರಿ, ನನ್ನ ಮಕ್ಕಳಿಗೆ ಅದರಿಂದ ಏನೂ ಆಗಲಿಲ್ಲ. ವಾರಕ್ಕೆರಡು ಬಾರಿ ಒಬ್ಬೊಬ್ಬರಿಗೂ ಹತ್ತು ನಿಮಿಷ ಫೋನ್ ಮಾಡಿ ಓದಿಸಿದೆ. ನನ್ನ ಗಂಟಲು ಹೋಯಿತು, ಓದು ಉಳಿಯಿತು.

ಲೆಕ್ಕಪತ್ರ ನೋಡಿಕೊಂಡವರು: ಶುಲ್ಕದ ಜಗಳ ಬಂದೇ ಬರುತ್ತದೆ. ಬಸ್, ಊಟ, ವಸತಿ ನಿಂತರೆ ಆ ಹಣವನ್ನು ಕೇಳುವ ಮೊದಲೇ ಬಿಟ್ಟುಬಿಡಿ. ಬೋಧನಾ ಶುಲ್ಕದ ಬಹುಪಾಲು ಸಂಬಳಕ್ಕೇ ಹೋಗುತ್ತದೆ ಎಂದು ಆಗ ಹೇಳಿದರೆ ಕೇಳುವವರಿರುತ್ತಾರೆ. ನಾವು ಉಲ್ಟಾ ಮಾಡಿದೆವು: ಮೊದಲು ಪೂರ್ತಿ ಶುಲ್ಕ ಕೇಳಿ, ಬೈಸಿಕೊಂಡು, ಆಮೇಲೆ ಇಳಿಸಿದೆವು. ಇಳಿಸಿದ್ದಕ್ಕೆ ಯಾರೂ ಒಳ್ಳೆಯ ಮಾತು ಆಡಲಿಲ್ಲ.

ವಿಮೆಯ ಕಾಗದವನ್ನೂ ಇವತ್ತೇ ತೆಗೆದು ಓದಿ. ವಹಿವಾಟು ನಿಂತ ನಷ್ಟಕ್ಕೆ ಎಂದು ಕೊಡುವ ಅನೇಕ ಪಾಲಿಸಿಗಳು ಬೆಂಕಿ, ನೆರೆಯಂಥ ಹಾನಿ ಕಟ್ಟಡಕ್ಕೆ ಆದರೆ ಮಾತ್ರ ಹಣ ಕೊಡುತ್ತವೆ. ರೋಗ ಬಂದು ಮುಚ್ಚಿದರೆ ಕೊಡಬೇಕೇ ಎಂಬ ವ್ಯಾಜ್ಯ ಬ್ರಿಟನ್ನಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಜನವರಿಯಲ್ಲಿ ಬಂದ ತೀರ್ಪು ಬಹುಮಟ್ಟಿಗೆ ವಿಮೆ ಮಾಡಿಸಿದವರ ಪರವಾಗಿತ್ತು, ಆದರೆ ಅದು ನಿಂತಿದ್ದು ಪಾಲಿಸಿಯಲ್ಲಿದ್ದ ಒಂದೊಂದು ಪದದ ಮೇಲೆ.

ಪರೀಕ್ಷಾ ವಿಭಾಗದಿಂದ: ತರಗತಿಯ ಅಂಕಗಳನ್ನು ವರ್ಷದುದ್ದಕ್ಕೂ ಅಚ್ಚುಕಟ್ಟಾಗಿ ದಾಖಲಿಸಿಡಿ. 2020ರ ಮೇ ತಿಂಗಳ ಪರೀಕ್ಷೆಯನ್ನು, ಹಲವು ದೇಶಗಳ ಶಾಲೆಗಳಿಗೆ ಪರೀಕ್ಷೆ ನಡೆಸುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಂಸ್ಥೆ ರದ್ದುಮಾಡಿ ಲೆಕ್ಕ ಹಾಕಿ ಗ್ರೇಡ್ ಕೊಟ್ಟಿತು. ಗಲಾಟೆಯಾಗಿ ಆಗಸ್ಟ್‌ನಲ್ಲಿ ಅದನ್ನು ತಿದ್ದಬೇಕಾಯಿತು.

ಕಟ್ಟಡದ ಉಸ್ತುವಾರಿ: ನಲ್ಲಿಗಳನ್ನು ಮರೆಯಬೇಡಿ. ಕೊಳವೆಯಲ್ಲಿ ನೀರು ವಾರಗಟ್ಟಲೆ ನಿಂತರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರಿಂದ ನ್ಯುಮೋನಿಯಾ ಬರುತ್ತದೆ. ಶಾಲೆ ಮುಚ್ಚಿದ್ದರೂ ವಾರಕ್ಕೊಮ್ಮೆ ಒಬ್ಬರು ಬಂದು ಪ್ರತಿ ನಲ್ಲಿಯನ್ನೂ ಕೆಲವು ನಿಮಿಷ ಬಿಡಬೇಕು.

ಕಚೇರಿಯ ಗುಮಾಸ್ತ: ಪೋಷಕರ ಹೊಸ ಫೋನ್ ನಂಬರುಗಳೆಲ್ಲ ಒಂದು ರಿಜಿಸ್ಟರಿನಲ್ಲಿದ್ದವು. ರಿಜಿಸ್ಟರು ಬೀರುವಿನಲ್ಲಿತ್ತು. ಬೀರುವಿನ ಕೀಲಿಕೈ ಇದ್ದವರು ಆಸ್ಪತ್ರೆಯಲ್ಲಿದ್ದರು.